ಕಣಗಳ ಮಳೆಗೊಂದು ತಕ್ಕಡಿ

(ಸಂಘದ ಮಹಿಳಾ ವೇದಿಕೆಯ ಆನ್‌ಲೈನ್ ಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದಿದವಳು. ಮದುವೆಯಾಗಿ ಲಾಸಲಗಾಂವ್‌ಗೆ ಬಂದು ಇಪ್ಪತ್ತೆರಡು ವರ್ಷವಾಯಿತು, ಇಲ್ಲೇ ಜೂನಿಯರ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹಬ್ಬ, ಅಡುಗೆ, ಆರೋಗ್ಯ ಎಲ್ಲ ಆಯಿತು, ಈ ಸಲ ವಿಜ್ಞಾನ ಇರಲಿ ಎಂದು ಕಾರ್ಯದರ್ಶಿಗಳು ಹೇಳಿದರು. ವಿಷಯವನ್ನು ಮಾತ್ರ ಕೊಟ್ಟವರು ನಾಸಿಕ್‌ನ ಒಬ್ಬ ಸದಸ್ಯೆ. ಅವರ ಸೊಸೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾಳೆ. "ಸೂರ್ಯನಲ್ಲಿ ಬಿರುಗಾಳಿ ಎದ್ದರೆ ವಿಮಾನದ ದಾರಿ ಬದಲಿಸುತ್ತಾರಂತೆ, ಹೌದೇನ್ರೀ? ಸೂರ್ಯ ಎಲ್ಲಿ, ವಿಮಾನ ಎಲ್ಲಿ?" ಎಂದು ಕೇಳಿದ್ದರು.

ಹೌದು, ಬದಲಿಸುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿಸಿ ನೇರ ಬೆಂಗಳೂರಿಗೆ ತಂದಿಳಿಸಿದ್ದು ನಿಮಗೆಲ್ಲ ನೆನಪಿರಬಹುದು. ನಾವು ಸಂಭ್ರಮಪಟ್ಟು ವಾಟ್ಸಾಪ್‌ನಲ್ಲಿ ಹಂಚಿಕೊಂಡ ಸುದ್ದಿ. ಆ ದಾರಿ ಹತ್ತಿರದ ದಾರಿ, ಆದರೆ ಸೂರ್ಯನ ಕಣಗಳು ಬಂದು ಸುರಿಯುವುದೂ ಅಲ್ಲಿಯೇ. 2012ರ ಜನವರಿಯಲ್ಲಿ ಇಂಥದೇ ಕಣಗಳ ಮಳೆ ಬಂದಾಗ ಡೆಲ್ಟಾ ಸಂಸ್ಥೆ ತನ್ನ ಕೆಲವು ಧ್ರುವ ಮಾರ್ಗದ ವಿಮಾನಗಳನ್ನು ದಕ್ಷಿಣಕ್ಕೆ ಸರಿಸಿತ್ತು.

ಕಾರಣ ಸರಳ. ಸುಮಾರು 82 ಡಿಗ್ರಿ ಉತ್ತರ ಅಕ್ಷಾಂಶ ದಾಟಿದರೆ ಭೂಸ್ಥಿರ ಉಪಗ್ರಹಗಳು ದಿಗಂತದ ಕೆಳಗೆ ಇಳಿದುಬಿಡುತ್ತವೆ. ಅಲ್ಲಿ ಪೈಲಟ್ ನೆಚ್ಚಿಕೊಂಡು ಬಂದದ್ದು ಶಾರ್ಟ್‌ವೇವ್ ರೇಡಿಯೋವನ್ನು. ಸೂರ್ಯನಿಂದ ಬಂದ ಪ್ರೋಟಾನ್‌ಗಳು ಧ್ರುವದ ಮೇಲಿನ ಗಾಳಿಯನ್ನು 50ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಒಡೆದು ಎಲೆಕ್ಟ್ರಾನ್‌ಗಳನ್ನು ಬಿಡಿಸಿಬಿಟ್ಟರೆ, ಆ ಪದರ ರೇಡಿಯೋ ಅಲೆಯನ್ನು ನುಂಗುತ್ತದೆ. ಕೆಲವೊಮ್ಮೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ. ಈಗ ಬೇರೆ ಉಪಗ್ರಹ ಜಾಲಗಳು ಬಂದಿವೆ, ಆದರೂ ಒಳಗೆ ಮುನ್ನೂರು ಜನ ಕೂತಿರುವಾಗ ಯಾವ ವಿಮಾನ ಸಂಸ್ಥೆಯೂ ಮಾತಿಲ್ಲದ ದಾರಿಯಲ್ಲಿ ಹೋಗಲು ಒಪ್ಪುವುದಿಲ್ಲ.

ಹಾಗಾದರೆ ಎಷ್ಟು ಕಣ ಸುರಿಯುತ್ತಿದೆ, ಎಷ್ಟು ಶಕ್ತಿ ಗಾಳಿಗೆ ಸೇರುತ್ತಿದೆ ಎಂದು ಯಾರೋ ಅಳೆಯಲೇಬೇಕಲ್ಲ? ಇವತ್ತಿನ ನನ್ನ ಮಾತು ಆ ಅಳತೆಯ ಕುರಿತು.

ಮೊದಲು ನಮ್ಮೂರಿಗೆ ಬನ್ನಿ. ಲಾಸಲಗಾಂವ್ ಎಂದರೆ ಈರುಳ್ಳಿ, ನಮ್ಮ ಕಡೆಯ ಮಾತಲ್ಲಿ ಉಳ್ಳಾಗಡ್ಡಿ. ಆದರೆ ಇಲ್ಲಿ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದವರು ಕಟ್ಟಿದ 'ಕೃಷಕ್' ಎಂಬ ಕೇಂದ್ರವೂ ಇದೆ, 2002ರಲ್ಲಿ ಶುರುವಾದದ್ದು. ಕೋಬಾಲ್ಟ್-60ರ ಗಾಮಾ ಕಿರಣಗಳನ್ನು ಈರುಳ್ಳಿಯ ಮೇಲೆ ಹಾಯಿಸಿದರೆ ಅದು ಮೊಳಕೆಯೊಡೆಯುವುದಿಲ್ಲ. 2007ರಲ್ಲಿ ಅಮೆರಿಕಕ್ಕೆ ಮತ್ತೆ ಹೋದ ನಮ್ಮ ಆಪೂಸ್ ಮಾವಿನಹಣ್ಣು ಇಲ್ಲಿಂದಲೇ ಹಾದು ಹೋಯಿತು.

ಈರುಳ್ಳಿಗೆ ಬೇಕಾದ ಪ್ರಮಾಣ ಸುಮಾರು 60 ಗ್ರೇ. ಒಂದು ಗ್ರೇ ಎಂದರೆ ಒಂದು ಕಿಲೋ ವಸ್ತುವಿನೊಳಗೆ ಒಂದು ಜೂಲ್ ಶಕ್ತಿ ಸೇರುವುದು. 60 ಜೂಲ್ ಒಂದು ಕಿಲೋ ನೀರಿಗೆ ಸೇರಿದರೆ ಅದು ಎಷ್ಟು ಬಿಸಿಯಾಗುತ್ತದೆ ಗೊತ್ತೇ? ಒಂದು ಡಿಗ್ರಿಯ ಎಪ್ಪತ್ತನೇ ಒಂದು ಭಾಗ. ಅಂಗೈಯಲ್ಲಿ ಹಿಡಿದ ಗಡ್ಡೆ ಇದಕ್ಕಿಂತ ಹೆಚ್ಚು ಬೆಚ್ಚಗಾಗುತ್ತದೆ. ಆದರೂ ಆ ಅಷ್ಟು ಶಕ್ತಿ ಗಡ್ಡೆಯ ನಡುವಿನ ಮೊಳಕೆಯ ಜೀವಕೋಶದೊಳಗೆ, ಸರಿಯಾದ ಜಾಗದಲ್ಲಿ ಇಳಿದರೆ ತಿಂಗಳುಗಟ್ಟಲೆ ಮೊಳಕೆ ಬರುವುದಿಲ್ಲ. (ಈರುಳ್ಳಿ ವಿಕಿರಣಶೀಲ ಆಗುವುದಿಲ್ಲವೇ ಎಂದು ಮಾರುಕಟ್ಟೆಯಲ್ಲಿ ಇಂದಿಗೂ ಕೇಳುತ್ತಾರೆ. ಆಗುವುದಿಲ್ಲ. ಕೋಬಾಲ್ಟ್‌ನ ಗಾಮಾ ಕಿರಣಕ್ಕೆ ಪರಮಾಣುವಿನ ಬೀಜವನ್ನು ಬದಲಿಸುವ ತಾಕತ್ತಿಲ್ಲ.)

ಧ್ರುವದ ಗಾಳಿಯ ಕಥೆಯೂ ಹೀಗೆಯೇ. ಬಿಸಿಲಿನಲ್ಲಿ ಭೂಮಿಗೆ ಬಂದು ತಾಗುವ ಶಕ್ತಿ ಸುಮಾರು 17 ಕೋಟಿ ಗಿಗಾವಾಟ್. ಶಾಂತವಾದ ದಿನ ಒಂದು ಗೋಲಾರ್ಧದ ಧ್ರುವ ಪ್ರದೇಶಕ್ಕೆ ಕಣಗಳು ತರುವ ಶಕ್ತಿ ಐದು ಹತ್ತು ಗಿಗಾವಾಟ್, ದೊಡ್ಡ ಬಿರುಗಾಳಿಯಲ್ಲಿ ನೂರು ದಾಟುತ್ತದೆ. 2024ರ ಮೇ 30ರಂದು, ಆ ಸೆಖೆಯಲ್ಲಿ, ಇಡೀ ಭಾರತದ ವಿದ್ಯುತ್ ಬೇಡಿಕೆ 250 ಗಿಗಾವಾಟ್ ಮುಟ್ಟಿತ್ತು. ಅಂದರೆ ನಮ್ಮ ದೇಶದ ಕರೆಂಟಿನ ಲೆಕ್ಕದಲ್ಲಿ ದೊಡ್ಡದು, ಬಿಸಿಲಿನ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಬಿಸಿಲು ನೆಲಕ್ಕೆ ಬರುತ್ತದೆ, ಈ ಶಕ್ತಿ ಬಹಳ ತೆಳುವಾದ ಮೇಲಿನ ಗಾಳಿಯಲ್ಲೇ ಇಳಿದು ನಿಲ್ಲುತ್ತದೆ. ಆದ್ದರಿಂದ ಒಟ್ಟು ಎಷ್ಟು ಎಂದು ತಿಳಿದರೆ ಸಾಲದು, ಯಾವ ಎತ್ತರದಲ್ಲಿ ಎಂದೂ ತಿಳಿಯಬೇಕು.

ಇಂಥ ಅಳತೆಯ ಒಂದು ಹಳೆಯ ಪ್ರಯತ್ನ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಉಪಗ್ರಹದ ಮಾತೇ ಇಲ್ಲದ ಕಾಲ. 1939-40ರ ಚಳಿಗಾಲದಲ್ಲಿ ನೊಬೆಲ್ ಪಡೆದಿದ್ದ ರಾಬರ್ಟ್ ಮಿಲಿಕನ್, ಅವರ ಸಹೋದ್ಯೋಗಿ ವಿಕ್ಟರ್ ನೆಹರ್ ಮತ್ತು ಯುವಕ ವಿಲಿಯಂ ಪಿಕರಿಂಗ್ ಬಲೂನು, ಉಪಕರಣಗಳೊಂದಿಗೆ ಭಾರತಕ್ಕೆ ಬಂದರು. ಬೆಂಗಳೂರು, ಆಗ್ರಾ, ಪೇಶಾವರ ಮೂರು ಕಡೆ ಬಲೂನು ಹಾರಿಸಿ, ವಿಶ್ವಕಿರಣಗಳು ಯಾವ ಎತ್ತರದಲ್ಲಿ ಗಾಳಿಯನ್ನು ಎಷ್ಟು ಒಡೆಯುತ್ತವೆ ಎಂದು ದಾಖಲಿಸಿದರು.

ಮೂರು ಊರು ಯಾಕೆ? ಭೂಮಿಯ ಕಾಂತಕ್ಷೇತ್ರ ಒಂದು ಜರಡಿ ಇದ್ದಂತೆ. ಬೆಂಗಳೂರು ಕಾಂತೀಯ ಸಮಭಾಜಕಕ್ಕೆ ಬಹಳ ಹತ್ತಿರ, ಇಲ್ಲಿ ಜರಡಿಯ ಕಣ್ಣು ಬಿಗಿ, ಅತಿ ಹೆಚ್ಚಿನ ಶಕ್ತಿಯ ಕಣ ಮಾತ್ರ ತೂರಿ ಬರಬಲ್ಲದು. ಉತ್ತರಕ್ಕೆ ಹೋದಂತೆ ಕಣ್ಣು ಸಡಿಲವಾಗುತ್ತದೆ. ಪೇಶಾವರದಲ್ಲಿ ಬಂದದ್ದರಲ್ಲಿ ಬೆಂಗಳೂರಿನಲ್ಲಿ ಬಂದದ್ದನ್ನು ಕಳೆದರೆ ನಡುವಿನ ಶಕ್ತಿಯ ಕಣಗಳು ಎಷ್ಟು ಶಕ್ತಿ ತಂದವು ಎಂಬ ಲೆಕ್ಕ ಸಿಗುತ್ತದೆ. ರವೆ, ಸಣ್ಣ ರವೆ, ಹಿಟ್ಟು ಎಂದು ಬೇರೆ ಮಾಡುವುದು ನಮಗೆ ಹೊಸದೇನಲ್ಲ. ಅದೇ ಕಾಲದಲ್ಲಿ ಹೋಮಿ ಭಾಭಾ ಅವರು ಸಿ. ವಿ. ರಾಮನ್ ಇದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆನಿಂತು ವಿಶ್ವಕಿರಣಗಳ ಸಂಶೋಧನೆಗೆ ತಂಡ ಕಟ್ಟುತ್ತಿದ್ದರು. ನಮ್ಮೂರಿನ ಕೃಷಕ್ ಕಟ್ಟಿದ ಕೇಂದ್ರಕ್ಕೆ ಇರುವುದು ಅವರದೇ ಹೆಸರು.

ಬೆಂಗಳೂರಿನ ಆಕಾಶಕ್ಕೆ ಬಲೂನು ಬಿಟ್ಟ ಆ ಪಿಕರಿಂಗ್ ಮುಂದೆ ಅಮೆರಿಕದ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿಯ ನಿರ್ದೇಶಕರಾದರು. 1958ರ ಜನವರಿ 31ರಂದು ಅವರ ತಂಡ ಕಟ್ಟಿದ ಎಕ್ಸ್‌ಪ್ಲೋರರ್-1 ಹಾರಿತು. ಅದರಲ್ಲಿ ಜೇಮ್ಸ್ ವ್ಯಾನ್ ಆಲೆನ್ ಅವರ ಗೈಗರ್ ಕೌಂಟರ್ ಇತ್ತು. ಉಪಗ್ರಹ ಎತ್ತರಕ್ಕೆ ಹೋದಾಗ ಕೌಂಟರ್ ಸೊನ್ನೆ ತೋರಿಸತೊಡಗಿತು. ಕಣಗಳೇ ಇಲ್ಲವೇ? ಪ್ರಯೋಗಾಲಯದಲ್ಲಿ ಅಂಥದೇ ಕೌಂಟರಿಗೆ ಬಲವಾದ ಎಕ್ಸ್-ಕಿರಣ ಹಾಯಿಸಿ ನೋಡಿದಾಗ ಗುಟ್ಟು ತಿಳಿಯಿತು. ಕಣಗಳು ಎಣಿಸಲಾರದಷ್ಟು ನುಗ್ಗಿದರೆ ಕೌಂಟರ್ ಉಸಿರುಗಟ್ಟಿ ಸುಮ್ಮನಾಗುತ್ತದೆ. ಆ ಸೊನ್ನೆಯ ಅರ್ಥ ತೀರಾ ಹೆಚ್ಚು ಎಂದು. ವ್ಯಾನ್ ಆಲೆನ್ ಪಟ್ಟಿಗಳು ಸಿಕ್ಕಿದ್ದು ಹೀಗೆ.

ಆ ಪಟ್ಟಿಗಳಲ್ಲಿ ಕಣಗಳು ಏನು ಮಾಡುತ್ತಿರುತ್ತವೆ? ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ನಾಗರ ಪಂಚಮಿಯ ಜೋಕಾಲಿ ಎಂದರೆ ಸಾಕು. ಕಣವೂ ಕಾಂತರೇಖೆಗೆ ಸುತ್ತಿಕೊಳ್ಳುತ್ತಾ ಉತ್ತರ ಧ್ರುವದ ಕಡೆಗೊಮ್ಮೆ, ದಕ್ಷಿಣ ಧ್ರುವದ ಕಡೆಗೊಮ್ಮೆ ಜೀಕುತ್ತಿರುತ್ತದೆ. ಹೆಚ್ಚಿನವು ಗಾಳಿ ದಟ್ಟವಾಗುವ ಮೊದಲೇ ಹಿಂದಿರುಗುತ್ತವೆ. ತೀರಾ ನೇರವಾಗಿ, ಆಳಕ್ಕೆ ಜೀಕಿದ ಕಣ ಮಾತ್ರ ನೂರು ಕಿಲೋಮೀಟರಿನ ಕೆಳಗಿನ ಗಾಳಿಗೆ ಡಿಕ್ಕಿ ಹೊಡೆದು ಅಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ, ಮತ್ತೆ ಮೇಲೆ ಬರುವುದಿಲ್ಲ. ಹೀಗೆ ಬೀಳಲಿರುವ ಕಣಗಳು ಬರುವ ದಿಕ್ಕುಗಳ ಶಂಕುವಿಗೆ ವಿಜ್ಞಾನಿಗಳು ಲಾಸ್ ಕೋನ್ ಎನ್ನುತ್ತಾರೆ. ವಾತಾವರಣಕ್ಕೆ ಸೇರುವ ಶಕ್ತಿ ಬೇಕಾದರೆ ಆ ಶಂಕುವಿನೊಳಗಿನವನ್ನಷ್ಟೇ ಎಣಿಸಬೇಕು, ಜೀಕುತ್ತಲೇ ಇರುವವನ್ನು ಬಿಡಬೇಕು. ಇಡೀ ಕಷ್ಟ ಇರುವುದು ಇಲ್ಲಿ.

ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ, ಅದನ್ನು ನೋವಾ ಎನ್ನುತ್ತಾರೆ, 1978ರಿಂದ ತನ್ನ ಹವಾಮಾನ ಉಪಗ್ರಹಗಳಲ್ಲಿ ಈ ಕೆಲಸಕ್ಕೆಂದೇ ಒಂದು ಉಪಕರಣ ಕಟ್ಟಿ ಕಳಿಸಿತು. ಮೋಡದ ಚಿತ್ರ ತೆಗೆಯಲು ಹೋದ ಉಪಗ್ರಹದ ಮೂಲೆಯಲ್ಲಿ ಕೂತ ಎರಡು ಪೆಟ್ಟಿಗೆಗಳು. ಒಂದು ಕಡಿಮೆ ಶಕ್ತಿಯ ಕಣಗಳಿಗೆ: ಬಾಗಿದ ಎರಡು ಲೋಹದ ತಗಡು, ನಡುವೆ ವೋಲ್ಟೇಜ್. ಆ ವೋಲ್ಟೇಜಿಗೆ ಸರಿಹೊಂದುವ ಶಕ್ತಿಯ ಕಣ ಮಾತ್ರ ತಿರುವಿನಲ್ಲಿ ತಿರುಗಿ ಆಚೆ ತಲುಪುತ್ತದೆ, ಉಳಿದವು ಗೋಡೆಗೆ ತಾಗುತ್ತವೆ. ಅರೋರಾ ಬೆಳಗಿಸುವ ಕಣಗಳೆಲ್ಲ ಇದರ ಲೆಕ್ಕಕ್ಕೆ ಬರುತ್ತವೆ. ಇನ್ನೊಂದರಲ್ಲಿ ಸಿಲಿಕಾನ್ ಚೂರುಗಳು, 30 ಸಾವಿರ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಹೆಚ್ಚಿನ ಶಕ್ತಿಯವಕ್ಕೆ. ಕಣ ಚೂರಿಗೆ ಬಡಿದರೆ ಒಂದು ಸಣ್ಣ ವಿದ್ಯುತ್ ಮಿಡಿತ, ಶಕ್ತಿ ಹೆಚ್ಚಿದ್ದರೆ ಮಿಡಿತ ದೊಡ್ಡದು.

ಶಕ್ತಿಯನ್ನು ಹೀಗೆ ವಿಂಗಡಿಸುವುದರಿಂದಲೇ ಎತ್ತರ ತಿಳಿಯುತ್ತದೆ. ಕೆಲವು ಸಾವಿರ ಎಲೆಕ್ಟ್ರಾನ್‌ವೋಲ್ಟ್‌ನ ಎಲೆಕ್ಟ್ರಾನ್ ನೂರು ಕಿಲೋಮೀಟರಿಗಿಂತ ಮೇಲೆಯೇ ನಿಲ್ಲುತ್ತದೆ. 30 ಸಾವಿರದ್ದು ಸುಮಾರು 90ಕ್ಕೆ, ಹತ್ತು ಲಕ್ಷದ್ದು ಸುಮಾರು 60ಕ್ಕೆ ಇಳಿಯುತ್ತದೆ. ಗಾಳಿಯ ಒಂದು ಅಣುವನ್ನು ಒಡೆದು ಜೋಡಿ ಬಿಡಿಸಲು ಸರಾಸರಿ 35 ಎಲೆಕ್ಟ್ರಾನ್‌ವೋಲ್ಟ್ ಖರ್ಚು. ಅಂದರೆ 30 ಸಾವಿರದ ಒಂದೇ ಎಲೆಕ್ಟ್ರಾನ್ ನಿಲ್ಲುವುದರೊಳಗೆ 850ರಷ್ಟು ಅಣುಗಳನ್ನು ಒಡೆದಿರುತ್ತದೆ.

ಈಗ ನಮ್ಮ ಬಾಜಾರ್ ಸಮಿತಿಯ ಹರಾಜು ನೋಡಿದವರು ಇದನ್ನು ಕೇಳಿ. ಸಾಲಾಗಿ ಟ್ರ್ಯಾಕ್ಟರ್ ಟ್ರಾಲಿಗಳು ನಿಂತಿರುತ್ತವೆ. ದರ ಕೂಗುವ ವ್ಯಾಪಾರಿ ಇಡೀ ಟ್ರಾಲಿ ಸುರಿಸಿ ನೋಡುವುದಿಲ್ಲ. ಮೇಲಿನ ನಾಲ್ಕು ಗಡ್ಡೆ ಎತ್ತಿ, ಸಿಪ್ಪೆ ಉಜ್ಜಿ, ಕುತ್ತಿಗೆ ಒತ್ತಿ, ಕ್ವಿಂಟಲ್‌ಗೆ ಇಷ್ಟು ಎಂದುಬಿಡುತ್ತಾನೆ. ಅವನ ಬೆನ್ನ ಹಿಂದೆ ಸಾವಿರಾರು ಟ್ರಾಲಿಗಳ ಅನುಭವ ಇದೆ. ರೈತನ ವರ್ಷದ ದುಡಿಮೆ ಆ ನಾಲ್ಕು ಗಡ್ಡೆಯ ಮೇಲೆ ನಿಂತಿರುತ್ತದೆ.

ಉಪಗ್ರಹದ್ದೂ ಇದೇ ಪಾಡು. ಸುಮಾರು 850 ಕಿಲೋಮೀಟರ್ ಎತ್ತರದಲ್ಲಿ ನೂರು ನಿಮಿಷಕ್ಕೊಂದು ಸುತ್ತು. ಧ್ರುವ ಪ್ರದೇಶವನ್ನು ಅದು ದಾಟುವುದು ಇಪ್ಪತ್ತೈದು ನಿಮಿಷದಲ್ಲಿ, ಅದೂ ಒಂದೇ ಗೆರೆಯ ಮೇಲೆ. ಅರೋರಾದ ಉಂಗುರ ಸಾವಿರಾರು ಕಿಲೋಮೀಟರ್ ಅಗಲ. ಒಂದು ಗೆರೆಯಿಂದ ಇಡೀ ಉಂಗುರದ ಗಿಗಾವಾಟ್ ಹೇಳುವುದು ಹೇಗೆ? 1987ರಲ್ಲಿ ಫುಲ್ಲರ್-ರೋವೆಲ್ ಮತ್ತು ಇವಾನ್ಸ್ ಎಂಬಿಬ್ಬರು ನಮ್ಮ ವ್ಯಾಪಾರಿ ಮಾಡುವುದನ್ನೇ ಮಾಡಿದರು. ಹಿಂದಿನ ಸಾವಿರಾರು ಹಾಯುವಿಕೆಗಳನ್ನು ಸೇರಿಸಿ, ಶಾಂತದಿಂದ ಉಗ್ರದವರೆಗೆ ಹತ್ತು ದರ್ಜೆಯ ಸರಾಸರಿ ನಕ್ಷೆಗಳನ್ನು ಸಿದ್ಧಪಡಿಸಿದರು. ಈಗಿನ ಗೆರೆ ಯಾವ ದರ್ಜೆಗೆ ಹೊಂದುತ್ತದೋ ನೋಡಿ, ಆ ನಕ್ಷೆಯ ಒಟ್ಟು ಮೊತ್ತವನ್ನು ತಕ್ಕಷ್ಟು ಹೆಚ್ಚು ಕಡಿಮೆ ಮಾಡಿ ಹೇಳುವುದು. ನನಗೆ ಇದು ಬಹಳ ಜಾಣತನದ ಕೆಲಸ ಎನ್ನಿಸುತ್ತದೆ. ಆದರೆ ಅಂದಾಜು ಅಂದಾಜೇ. ಟ್ರಾಲಿಯ ತಳದಲ್ಲಿ ಬೇರೆ ಮಾಲು ಇದ್ದರೆ ಮೇಲಿನ ನಾಲ್ಕು ಗಡ್ಡೆ ಅದನ್ನು ಹೇಳುವುದಿಲ್ಲ.

ಇನ್ನೂ ತೊಡಕುಗಳಿವೆ. ಸಿಲಿಕಾನ್ ಪೆಟ್ಟಿಗೆಗೆ ಎರಡು ಕಿಟಕಿ, ಒಂದು ನೇರ ಮೇಲಕ್ಕೆ, ಇನ್ನೊಂದು ಅಡ್ಡಕ್ಕೆ, ಪ್ರತಿಯೊಂದರ ನೋಟ ಕೇವಲ 30 ಡಿಗ್ರಿ. ಮೇಲಕ್ಕೆ ನೋಡುವುದು ಧ್ರುವದ ಬಳಿ ಲಾಸ್ ಕೋನ್‌ನ ನಡುಭಾಗವನ್ನಷ್ಟೇ ಕಾಣುತ್ತದೆ. ಕಣಗಳು ಕಡಿಮೆ ಸುರಿಯುವ ದಿನ ಅವು ಶಂಕುವಿನ ಅಂಚಿನಲ್ಲಿ ಬರುತ್ತವೆ, ಆಗ ಇದು ನಿಜಕ್ಕಿಂತ ಕಡಿಮೆ ಹೇಳುತ್ತದೆ. ಅಡ್ಡಕ್ಕೆ ನೋಡುವುದು ಜೀಕುತ್ತಿರುವ ಕಣಗಳನ್ನೂ ಸೇರಿಸಿ ಹೆಚ್ಚು ಹೇಳುತ್ತದೆ. ನಿಜ ಎರಡರ ನಡುವೆ ಎಲ್ಲೋ ಇರುತ್ತದೆ. ಇನ್ನು, ಪ್ರೋಟಾನ್‌ಗಳು ಎಲೆಕ್ಟ್ರಾನ್ ಎಣಿಸುವ ಕಿಟಕಿಗೆ ನುಗ್ಗಿ ತಾವೂ ಎಲೆಕ್ಟ್ರಾನ್ ಎಂದು ಎಣಿಸಿಕೊಳ್ಳುತ್ತವೆ. ಅವನ್ನು ಕಳೆಯಬೇಕು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಯಾವ ಕಣವನ್ನು ಎಣಿಸುತ್ತದೋ ಅದೇ ಕಣದ ಪೆಟ್ಟಿಗೆ ಪ್ರೋಟಾನ್ ಎಣಿಸುವ ಸಿಲಿಕಾನ್ ಕೆಲವೇ ವರ್ಷಗಳಲ್ಲಿ ಸವೆಯುತ್ತದೆ, ಸಣ್ಣ ಶಕ್ತಿಯ ಕಣಗಳನ್ನು ಗುರುತಿಸದಾಗುತ್ತದೆ. ಸ್ಪ್ರಿಂಗ್ ಸಡಿಲವಾದ ತಕ್ಕಡಿಯಲ್ಲಿ ತೂಗಿದ ಹಾಗೆ. ಇಪ್ಪತ್ತು ವರ್ಷದ ಲೆಕ್ಕವನ್ನು ಹೋಲಿಸಬೇಕಾದರೆ ಪ್ರತಿ ಉಪಗ್ರಹದ ಸವೆತವನ್ನೂ ತಿದ್ದಿಕೊಳ್ಳಬೇಕು. ಈ ತಿದ್ದುವ ಕೆಲಸವನ್ನು ಯಾರೂ ಸುದ್ದಿ ಮಾಡುವುದಿಲ್ಲ, ಆದರೆ ಅದಿಲ್ಲದೆ ಆ ಅಂಕಿಗಳಿಗೆ ಬೆಲೆಯೇ ಇಲ್ಲ.

ಕಿಟಕಿಯ ತೊಡಕಿಗೆ ಒಂದು ಚಂದದ ಉತ್ತರ ಕೊಟ್ಟವರು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಎಲ್ಫಿನ್ ಎಂಬ, ಒಂದಡಿ ಉದ್ದದ ಎರಡು ಪುಟ್ಟ ಉಪಗ್ರಹಗಳನ್ನು ಕಟ್ಟಿ 2018ರಲ್ಲಿ ಹಾರಿಸಿದರು. ಅವು ಬುಗುರಿಯಂತೆ ತಿರುಗುತ್ತಾ ಒಂದೇ ಕಿಟಕಿಯಿಂದ ಎಲ್ಲ ದಿಕ್ಕನ್ನೂ ನೋಡಿದವು, ಬೀಳುವವೆಷ್ಟು, ಜೀಕುವವೆಷ್ಟು ಎಂದು ಬೇರೆ ಬೇರೆಯಾಗಿ ತೋರಿಸಿದವು. 2022ರಲ್ಲಿ ವಾತಾವರಣಕ್ಕೆ ಬಿದ್ದು ಮುಗಿದುಹೋದವು.

ಇಷ್ಟೆಲ್ಲ ಕಷ್ಟ ಯಾಕೆ ಎಂದರೆ ವಿಮಾನದ ರೇಡಿಯೋ ಒಂದೇ ಕಾರಣವಲ್ಲ. ಒಡೆದ ಗಾಳಿಯಿಂದ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ. ಧ್ರುವದ ಚಳಿಗಾಲದ ಕತ್ತಲಲ್ಲಿ ಅದು ವಾರಗಟ್ಟಲೆ ಉಳಿದು ಕೆಳಗಿಳಿದು ಓಝೋನ್ ಪದರವನ್ನು ತಿನ್ನುತ್ತದೆ. ಒಂದು ಅಣು ತಾನು ಕರಗದೆ ಎಷ್ಟೋ ಓಝೋನ್ ಅಣುಗಳನ್ನು ಮುಗಿಸುತ್ತದೆ. ಪಾಲ್ ಕ್ರುಟ್ಸನ್ ಮತ್ತು ಜೊತೆಗಾರರು 1975ರಲ್ಲಿ ಹೀಗಾಗಬೇಕು ಎಂದು ಲೆಕ್ಕ ಹಾಕಿದರು. 1972ರ ಆಗಸ್ಟ್‌ನ ದೊಡ್ಡ ಸೌರ ಸ್ಫೋಟದ ನಂತರ ನಿಂಬಸ್-4 ಉಪಗ್ರಹ ಅಳೆದಿಟ್ಟಿದ್ದ ಅಂಕಿಗಳನ್ನು ತೆಗೆದು ನೋಡಿದರೆ ಓಝೋನ್ ನಿಜಕ್ಕೂ ಇಳಿದಿತ್ತು. ಹವಾಮಾನ ಬದಲಾವಣೆಯ ಆರನೆಯ ಜಾಗತಿಕ ವರದಿಗೆ ಬಳಸಿದ ಮಾದರಿಗಳಿಗೆ ಕೊಟ್ಟ ಸೂರ್ಯನ ಲೆಕ್ಕದಲ್ಲಿ ಮೊದಲ ಬಾರಿಗೆ ಈ ಕಣಗಳನ್ನೂ ಸೇರಿಸಿದರು. ಅದರಲ್ಲಿ ಎಲೆಕ್ಟ್ರಾನ್‌ಗಳ ಪಾಲು ಬಂದದ್ದು ನಾನು ಹೇಳಿದ ಆ ಹಳೆಯ ಸಿಲಿಕಾನ್ ಪೆಟ್ಟಿಗೆಯಿಂದ.

ನಮ್ಮ ಆದಿತ್ಯ-ಎಲ್1 ಇದನ್ನು ಅಳೆಯುವುದಿಲ್ಲವೇ ಎಂದು ನೀವು ಕೇಳುತ್ತೀರಿ. ನಿಗಾರ್ ಶಾಜಿ ಅವರ ಮುಂದಾಳತ್ವದಲ್ಲಿ 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ಇರುವುದು 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಸೂರ್ಯನ ಕಡೆಗೆ. ಸೂರ್ಯನಿಂದ ಹೊರಟ ಕಣಗಳನ್ನು ಅದರ ಆಸ್ಪೆಕ್ಸ್ ಉಪಕರಣ ದಾರಿಯಲ್ಲೇ ಎಣಿಸುತ್ತದೆ. ಅದು ನಾಸಿಕ್ ರಸ್ತೆಯಲ್ಲಿ ನಿಂತು ಎಷ್ಟು ಟ್ರಾಲಿ ಬರುತ್ತಿವೆ ಎಂದು ಎಣಿಸಿದ ಹಾಗೆ. ಎಷ್ಟು ಒಳಗೆ ಬಂದು ತೂಕವಾಯಿತು ಎಂದು ಹೇಳಲು ವೇಬ್ರಿಜ್ ಹತ್ತಿರ ಒಬ್ಬರು ಬೇಕು. ಎರಡೂ ಬೇಕು. 2024ರ ಮೇ 10-11ರ ಬಿರುಗಾಳಿಯನ್ನು ಆದಿತ್ಯ ದಾರಿಯಲ್ಲಿ ಕಂಡಿತು. ಆ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯದ ಕ್ಯಾಮರಾದಲ್ಲಿ, ಕೆಂಪು ಅರೋರಾ ದಾಖಲಾಯಿತು. ಲಾಸಲಗಾಂವ್‌ನಲ್ಲಿ ಏನೂ ಕಾಣಲಿಲ್ಲ, ಜರಡಿ ನಮ್ಮನ್ನು ಕಾಯಿತು.

ಈಗ ಚಿಂತೆಯ ವಿಷಯ. 1998ರಲ್ಲಿ ಹಾರಿದ ನೋವಾ-15 ಇಪ್ಪತ್ತೇಳು ವರ್ಷ ದುಡಿದು 2025ರ ಆಗಸ್ಟ್‌ನಲ್ಲಿ ನಿಂತಿತು. ನೋವಾ-18 ಮತ್ತು 19 ಕೂಡ ಅದೇ ವರ್ಷ ನಿಂತವು. ಅವುಗಳ ಜಾಗಕ್ಕೆ ಬಂದ ನೋವಾ-20, 21ರಲ್ಲಿ ಈ ಪೆಟ್ಟಿಗೆಗಳಿಲ್ಲ. ಅದೇ ಪೆಟ್ಟಿಗೆ ಹೊತ್ತ ಯೂರೋಪಿನ ಮೆಟಾಪ್-ಬಿ 2012ರದ್ದು, ಮೆಟಾಪ್-ಸಿ 2018ರದ್ದು. 1978ರಿಂದ ನಾಲ್ಕು ಸೌರಚಕ್ರ ಕಂಡ ದಾಖಲೆಯ ದಾರ ಈಗ ಈ ಹಳೆಯ ಉಪಗ್ರಹಗಳ ಕೈಯಲ್ಲಿದೆ. ಹೊಸ ತಕ್ಕಡಿ ತಂದರೂ ಹಳೆಯದರ ಜೊತೆ ಒಂದಷ್ಟು ದಿನ ಒಂದೇ ಮಾಲನ್ನು ಎರಡರಲ್ಲೂ ತೂಗಿ ನೋಡಬೇಕು. ಇಲ್ಲದಿದ್ದರೆ ಮುಂದಿನವರು ಕಾಣುವ ಬದಲಾವಣೆ ಸೂರ್ಯನದೋ ತಕ್ಕಡಿಯದೋ ತಿಳಿಯುವುದಿಲ್ಲ.

ಈ ದತ್ತಾಂಶ ಯಾರಿಗೂ ಬಚ್ಚಿಟ್ಟದ್ದಲ್ಲ, ಇಂಟರ್‌ನೆಟ್ ಇದ್ದವರು ಇಳಿಸಿಕೊಳ್ಳಬಹುದು. ನಮ್ಮ ಕಾಲೇಜಿನ ಇಬ್ಬರು ಹುಡುಗಿಯರು, ಇಬ್ಬರ ಮನೆಯಲ್ಲೂ ಈರುಳ್ಳಿ ಬೆಳೆ, 2024ರ ಮೇ 10ರ ದಿನದ ಅಂಕಿಗಳನ್ನು ಇಳಿಸಿ ಗ್ರಾಫ್ ಹಾಕುತ್ತಿದ್ದಾರೆ. ಬೆಳಗಿನ ಸುತ್ತುಗಳಲ್ಲಿ ಗೆರೆ ತಗ್ಗಾಗಿದೆ, ಸಂಜೆಯ ನಂತರ ಎದ್ದು ನಿಂತಿದೆ. ಒಂದು ಕಡೆ ಎಲೆಕ್ಟ್ರಾನ್ ಮತ್ತು ಪ್ರೋಟಾನ್ ಗೆರೆಗಳು ಒಟ್ಟಿಗೇ ಏರಿವೆ. ಅಲ್ಲಿ ಎಷ್ಟು ನಿಜವಾದ ಎಲೆಕ್ಟ್ರಾನ್, ಎಷ್ಟು ನುಗ್ಗಿದ ಪ್ರೋಟಾನ್ ಎಂದು ಈಗ ಜಗಳ ನಡೆದಿದೆ. ಪ್ರಶ್ನೆಗಳಿದ್ದರೆ ಮೈಕ್ ಆನ್ ಮಾಡಿಕೊಂಡು ಕೇಳಿ.